ಸ್ಟೆತಸ್ಕೋಪಿಗೂ ಮುಂಚೆ ಬೆಡ್‌ಪ್ಯಾನ್

ನಮ್ಮ ಕಸಿನ್‌ಗಳ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಪ್ರತಿವರ್ಷ ನೀಟ್ ರಿಸಲ್ಟ್ ಬಂದ ವಾರ ನನಗೊಂದು ಮೆಸೇಜ್ ಗ್ಯಾರಂಟಿ. ‘ಅಕ್ಕಾ, ಅಮೆರಿಕದಲ್ಲಿ ಡಾಕ್ಟರ್ ಸೀಟಿಗೆ ಕಟ್‌ಆಫ್ ಎಷ್ಟು?’

ಒಂದು ನಂಬರ್ ಹೇಳಿ ಮುಗಿಸುವ ಉತ್ತರ ಇದಕ್ಕಿಲ್ಲ. ಊರಲ್ಲಾದರೆ ಪಿಯುಸಿ ಆದ ಕೂಡಲೇ ನೀಟ್, 720ಕ್ಕೆ ಎಷ್ಟು ಬಂತು ಅನ್ನೋದರ ಮೇಲೆ ಸೀಟು. ಯಾವತ್ತಾದರೂ ಒಬ್ಬ ರೋಗಿಯ ಕೈ ಹಿಡಿದಿದ್ದೀಯಾ ಅಂತ ಯಾರೂ ಕೇಳಲ್ಲ. ಇಲ್ಲಿ ಮೊದಲು ನಾಲ್ಕು ವರ್ಷದ ಡಿಗ್ರಿ ಮುಗಿಸಬೇಕು. ಆಮೇಲೆ ಎಂಕ್ಯಾಟ್ ಅನ್ನೋ ದಿನವಿಡೀ ನಡೆಯುವ ಪರೀಕ್ಷೆ. ಅದರ ಅಂಕ 472ರಿಂದ ಶುರುವಾಗಿ 528ಕ್ಕೆ ನಿಲ್ಲುತ್ತೆ. ಇವೆರಡೂ ಚೆನ್ನಾಗಿದ್ದರೂ ಕಾಲೇಜಿನವರು ಇನ್ನೊಂದು ವಿಷಯ ನೋಡುತ್ತಾರೆ. ಕಾಯಿಲೆ ಬಿದ್ದವರ ಪಕ್ಕದಲ್ಲಿ ಈ ಅಭ್ಯರ್ಥಿ ಎಷ್ಟು ಹೊತ್ತು ಕಳೆದಿದ್ದಾರೆ, ಅಲ್ಲಿ ಏನು ಮಾಡಿದ್ದಾರೆ?

ಅದಕ್ಕಾಗಿ ಕೆಲವರು ಡಾಕ್ಟರ ಜೊತೆ ಕೂತು ನೋಟ್ಸ್ ಟೈಪ್ ಮಾಡುವ ಸ್ಕ್ರೈಬ್ ಆಗುತ್ತಾರೆ. ಕೆಲವರು ಆಂಬುಲೆನ್ಸಿನಲ್ಲಿ ಇಎಂಟಿ ಆಗಿ ಓಡುತ್ತಾರೆ. ನಾನು ಆರಿಸಿಕೊಂಡಿದ್ದು ನರ್ಸಿಂಗ್ ಅಸಿಸ್ಟೆಂಟ್ ಕೆಲಸ. ಎರಡು ವರ್ಷ ಮುದುಕ ಮುದುಕಿಯರ ಮೈ ತೊಳೆದೆ, ಬಟ್ಟೆ ತೊಡಿಸಿದೆ, ಊಟ ಮಾಡಿಸಿದೆ, ಡೈಪರ್ ಬದಲಾಯಿಸಿದೆ. ಈಗ ಮೆಡಿಕಲ್ ಕಾಲೇಜಿನ ಎರಡನೇ ವರ್ಷದಲ್ಲಿದ್ದೇನೆ. ಆ ಎರಡು ವರ್ಷದ ಬಗ್ಗೆ ಬರೆಯೋದಕ್ಕೆ ಇಷ್ಟು ದಿನ ಬೇಕಾಯಿತು.

ನರ್ಸಿಂಗ್ ಹೋಮ್ ಅಂದ್ರೆ ಯಾವುದು?

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ನಮ್ಮ ಕಡೆ ನರ್ಸಿಂಗ್ ಹೋಮ್ ಅಂದ್ರೆ ಡಾಕ್ಟರು ತಮ್ಮ ಹೆಸರಲ್ಲೋ ಹೆಂಡತಿ ಹೆಸರಲ್ಲೋ ಕಟ್ಟಿಸಿದ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಹಾಗಲ್ಲ. ವಯಸ್ಸಾಗಿ, ಪಾರ್ಶ್ವವಾಯು ಹೊಡೆದು, ಮರೆವಿನ ಕಾಯಿಲೆ ಬಂದು ಮನೆಯಲ್ಲಿ ನೋಡಿಕೊಳ್ಳಲು ಆಗದವರು ವಾಸ ಮಾಡುವ ಜಾಗ ಅದು. ಅಲ್ಲಿರುವವರನ್ನು ‘ಪೇಷೆಂಟ್’ ಅನ್ನೋದಕ್ಕಿಂತ ಹೆಚ್ಚಾಗಿ ‘ರೆಸಿಡೆಂಟ್’ ಅಂತಲೇ ಕರೆಯುತ್ತಾರೆ. ಅಂದರೆ ಅದು ಅವರ ಮನೆ, ಕೆಲಸಕ್ಕೆ ಹೋಗುವ ನಾವು ಹೊರಗಿನವರು.

ಇನ್ನು ನಾವು ಇಲ್ಲಿಗೆ ಬಂದ ಬಗೆ. ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಅತ್ತೆ, ಅಂದರೆ ಅಪ್ಪನ ಅಕ್ಕ, ಎಷ್ಟೋ ವರ್ಷ ಹಿಂದೆ ಹಾಕಿದ್ದ ಅರ್ಜಿ ಹನ್ನೆರಡು ವರ್ಷ ಕಾದ ಮೇಲೆ ಪಾಸಾಗಿ, 2013ರಲ್ಲಿ ಗ್ರೀನ್ ಕಾರ್ಡ್ ಹಿಡಿದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊಗೆ ಬಂದೆವು. ನನಗಾಗ 14 ವರ್ಷ. ಸಾಫ್ಟ್‌ವೇರ್ ಕೆಲಸ ಹಿಡಿದು ಬಂದವರ ಕಥೆ ನಮ್ಮದಲ್ಲ. ಅಪ್ಪನಿಗೆ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸ, ಅಮ್ಮನಿಗೆ ಶಾಲೆಯ ಅಡುಗೆಮನೆಯಲ್ಲಿ. ನಾನು ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಕಡಿಮೆ ಫೀಸಿಗೆ ಓದಿ, ಆಮೇಲೆ ಯೂನಿವರ್ಸಿಟಿಗೆ ಬದಲಾಯಿಸಿಕೊಂಡು 2021ರಲ್ಲಿ ಜೀವಶಾಸ್ತ್ರದ ಡಿಗ್ರಿ ಮುಗಿಸಿದೆ.

ಸಂಬಳ ಇಲ್ಲದ ವಾಲಂಟಿಯರ್ ಕೆಲಸ ಮಾಡಿಕೊಂಡು ಎಂಕ್ಯಾಟ್‌ಗೆ ಓದುವ ಅನುಕೂಲ ನಮ್ಮನೆಯಲ್ಲಿ ಇರಲಿಲ್ಲ. ರೋಗಿಗಳ ಹತ್ತಿರ ಇರಬೇಕು, ಸಂಬಳವೂ ಬರಬೇಕು, ತರಬೇತಿಗೆ ವರ್ಷಗಟ್ಟಲೆ ಹೋಗಬಾರದು. ಈ ಮೂರೂ ಕೂಡಿ ಬಂದಿದ್ದು ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್ ಕೆಲಸದಲ್ಲಿ. ಎಲ್ಲರೂ ಚಿಕ್ಕದಾಗಿ ಸಿಎನ್‌ಎ ಅಂತಾರೆ.

ಈ ಕೆಲಸಕ್ಕೆ ತರಬೇತಿ ಬೇಕೇಬೇಕು ಅಂತ ಅಮೆರಿಕದಲ್ಲಿ ಕಾನೂನು ಆಗಿದ್ದು 1987ರಲ್ಲಿ. ದೇಶಕ್ಕೆಲ್ಲ ಅನ್ವಯವಾಗುವ ಕನಿಷ್ಠ ತರಬೇತಿ 75 ಗಂಟೆ. ರಾಜ್ಯಗಳು ಅದಕ್ಕಿಂತ ಹೆಚ್ಚು ಕೇಳಬಹುದು. ಕ್ಯಾಲಿಫೋರ್ನಿಯಾದಲ್ಲಿ 160 ಗಂಟೆ: 60 ಗಂಟೆ ತರಗತಿ, 100 ಗಂಟೆ ನಿಜವಾದ ಜಾಗದಲ್ಲಿ ಕೆಲಸ. ಬೆರಳಚ್ಚು ಕೊಡಬೇಕು, ಹಿನ್ನೆಲೆ ಪರಿಶೀಲನೆ ಆಗುತ್ತೆ. ಕೊನೆಗೆ ಬರವಣಿಗೆಯದ್ದೊಂದು, ಮಾಡಿ ತೋರಿಸುವುದೊಂದು ಹೀಗೆ ಎರಡು ಪರೀಕ್ಷೆ. ಮಾಡಿ ತೋರಿಸುವ ಪರೀಕ್ಷೆಯಲ್ಲಿ ಕೈ ತೊಳೆಯುವುದಕ್ಕೂ ಅಂಕ ಇದೆ.

144 ನಿಮಿಷ

ನನಗೆ ಸಿಕ್ಕಿದ್ದು ಮಧ್ಯಾಹ್ನ 3ರಿಂದ ರಾತ್ರಿ 11ರವರೆಗಿನ ಪಾಳಿ. ಶುರುವಿನ ಸಂಬಳ ಗಂಟೆಗೆ 18 ಡಾಲರ್.

ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಒಂದು ನಿಯಮ ಇದೆ. ನರ್ಸಿಂಗ್ ಹೋಮಿನ ಪ್ರತಿ ರೆಸಿಡೆಂಟ್‌ಗೆ ದಿನಕ್ಕೆ ಸರಾಸರಿ ಕನಿಷ್ಠ 3.5 ಗಂಟೆಯ ಆರೈಕೆ ಸಿಗಬೇಕು, ಅದರಲ್ಲಿ ಕನಿಷ್ಠ 2.4 ಗಂಟೆ ಸಿಎನ್‌ಎಗಳಿಂದ ಬರಬೇಕು. ಕೇಳೋಕೆ ಚೆನ್ನಾಗಿದೆ ಅಲ್ವಾ? ನಿಮಿಷಕ್ಕೆ ಇಳಿಸಿ ನೋಡಿ, 144 ನಿಮಿಷ. ಅದೂ ಮೂರು ಪಾಳಿ ಸೇರಿ. ತಾನೇ ಏಳಲಾಗದ, ತಾನೇ ತಿನ್ನಲಾಗದ ಒಬ್ಬ ಮನುಷ್ಯನ ಸ್ನಾನ, ಹಲ್ಲು, ಬಟ್ಟೆ, ಮೂರು ಹೊತ್ತಿನ ಊಟ, ಶೌಚ, ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ವೀಲ್‌ಚೇರಿಗೆ ಎತ್ತುವುದು, ಮತ್ತೆ ಹಾಸಿಗೆಗೆ ಇಳಿಸುವುದು ಎಲ್ಲಾ ಆ 144 ನಿಮಿಷದೊಳಗೆ ಮುಗಿಯಬೇಕು. ಮಾತಾಡಿಸೋದಕ್ಕೆ ಬೇರೆ ಸಮಯ ಇಲ್ಲ. ಕಾಲು ತೊಳೆಯುತ್ತಾ ಮಾತಾಡಬೇಕು, ಅಷ್ಟೆ.

ಮೊದಲ ತಿಂಗಳಲ್ಲಿ ಕಲಿತ ವಿಷಯಗಳು ಯಾವ ಬಯಾಲಜಿ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ. ಪಾರ್ಶ್ವವಾಯು ಆದವರಿಗೆ ಅಂಗಿ ತೊಡಿಸುವಾಗ ಶಕ್ತಿ ಇಲ್ಲದ ಕೈ ಮೊದಲು, ಬಿಚ್ಚುವಾಗ ಅದೇ ಕೈ ಕೊನೆಗೆ. ಊಟ ಮಾಡಿಸುವಾಗ ನಿಂತುಕೊಂಡು ಚಮಚ ಚಾಚಬಾರದು; ಕುರ್ಚಿ ಎಳೆದು ಕೂತು, ಅವರ ಕಣ್ಣಿನ ಮಟ್ಟಕ್ಕೆ ಬರಬೇಕು. ನಿಂತರೆ ಅವರು ತಲೆ ಮೇಲೆತ್ತಿ ನುಂಗಬೇಕಾಗುತ್ತೆ, ಅನ್ನ ಶ್ವಾಸನಾಳಕ್ಕೆ ಇಳಿಯುವ ಅಪಾಯ ಹೆಚ್ಚು. ನುಂಗಲು ಕಷ್ಟ ಇರುವ ಕೆಲವರಿಗೆ ನೀರನ್ನೂ ಗಟ್ಟಿ ಮಾಡಿ ಕೊಡುತ್ತಾರೆ, ಗಂಜಿ ತಿಳಿ ಥರ. ಯಾರ ಕೋಣೆಗೂ ಬಾಗಿಲು ತಟ್ಟದೆ ಹೋಗುವಂತಿಲ್ಲ. ಒಳಗಿರುವವರಿಗೆ ಮಾತು ನಿಂತು ಮೂರು ವರ್ಷವಾಗಿದ್ದರೂ ಸರಿ, ತಟ್ಟಬೇಕು, ಹೆಸರು ಹೇಳಬೇಕು, ‘ಈಗ ನಿಮ್ಮ ಮಗ್ಗುಲು ಬದಲಿಸ್ತೀನಿ’ ಅಂತ ಹೇಳಿಯೇ ಮುಟ್ಟಬೇಕು.

ಡೈಪರ್ ವಿಷಯ ಎಲ್ಲರೂ ಕೇಳುತ್ತಾರೆ. ವಾಸನೆಗೆ ಒಂದು ವಾರದಲ್ಲಿ ಮೂಗು ಹೊಂದಿಕೊಳ್ಳುತ್ತೆ. ಬೇಗ ಹೊಂದಿಕೊಳ್ಳದಿರುವುದು ಆ ಮನುಷ್ಯರ ಮುಖ. ನನ್ನ ಅಜ್ಜನ ವಯಸ್ಸಿನವರು, ಒಂದು ಕಾಲದಲ್ಲಿ ಲಾರಿ ಓಡಿಸಿದವರು, ಪಾಠ ಹೇಳಿದವರು, ಅಂಗಡಿ ನಡೆಸಿದವರು ಗೋಡೆ ಕಡೆ ಮುಖ ತಿರುಗಿಸಿ ‘ಸಾರಿ, ಸಾರಿ’ ಅಂತಿರುತ್ತಾರೆ. ಅದಕ್ಕೆ ಏನು ಹೇಳಬೇಕು ಅನ್ನೋದೇ ಆ ಕೆಲಸದ ಅರ್ಧ ಭಾಗ. ನಾನು ಸಾಮಾನ್ಯವಾಗಿ ಬೇಸ್‌ಬಾಲ್ ವಿಷಯ ತೆಗೆಯುತ್ತಿದ್ದೆ. ನನಗೆ ಬೇಸ್‌ಬಾಲ್ ಗೊತ್ತಿಲ್ಲ. ಅದೇ ಒಳ್ಳೆಯದಾಯಿತು, ಅವರು ವಿವರಿಸುತ್ತಿದ್ದರು.

‘ಇದನ್ನೆಲ್ಲ ಮಾಡೋರು ಬೇರೆ’

ಕೆಲಸದ ವಿಷಯ ಮನೆಯಲ್ಲಿ ಹೇಳಿದ ದಿನ ಅಮ್ಮ ಏನೂ ಮಾತಾಡಲಿಲ್ಲ. ಅಪ್ಪ ತಟ್ಟೆ ಪಕ್ಕಕ್ಕೆ ಸರಿಸಿದರು.

‘ಕಂಡೋರ ಹೇಲು ಉಚ್ಚೆ ಬಾಚೋಕೆ ಅಷ್ಟು ದೂರದಿಂದ ಬಂದ್ವಾ ನಾವು? ಅದೂ ಡಿಗ್ರಿ ಮಾಡ್ಕೊಂಡು?’

‘ಅಪ್ಪಾ, ಮೆಡಿಕಲ್ ಕಾಲೇಜಿಗೆ ಇದು ಅನುಕೂಲ ಆಗುತ್ತೆ.’

‘ಡಾಕ್ಟರ್ ಆಗೋರು ಡಾಕ್ಟರ್ ಕೆಲಸ ಕಲೀಬೇಕು. ಇದನ್ನೆಲ್ಲ ಮಾಡೋರು ಬೇರೆ.’

ಆ ‘ಬೇರೆಯವರು’ ಯಾರು ಅಂತ ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳಲ್ಲ. ಹೇಳುವ ಅಗತ್ಯವೇ ಬೀಳಲ್ಲ, ಎಲ್ಲರಿಗೂ ಗೊತ್ತಿರುತ್ತೆ. ಜಾತಿ ಅನ್ನೋ ಪದ ಬಳಸದೆ ಜಾತಿ ಮಾತಾಡುವ ಕಲೆ ನಮ್ಮ ಜೊತೆ ವಿಮಾನ ಹತ್ತಿ ಸ್ಯಾಕ್ರಮೆಂಟೊವರೆಗೂ ಬಂದಿತ್ತು.

ಅಪ್ಪ ನನ್ನನ್ನು ತಡೆಯಲಿಲ್ಲ. ಮನೆ ಬಾಡಿಗೆಗೆ ನನ್ನ ಸಂಬಳವೂ ಬೇಕಿತ್ತು ಅನ್ನೋದು ನಿಜ. ಆದರೆ ಊರಿಗೆ ಫೋನ್ ಮಾಡುವಾಗ ‘ಮಗಳಿಗೆ ಹಾಸ್ಪಿಟಲ್‌ನಲ್ಲಿ ಏನೋ ಟ್ರೈನಿಂಗು’ ಅಂತ ಹೇಳುತ್ತಿದ್ದರು. ಕನ್ನಡ ಸಂಘದ ಯುಗಾದಿ ಊಟದಲ್ಲಿ ಯಾರಾದರೂ ನನ್ನನ್ನು ನೇರವಾಗಿ ಕೇಳಿದರೆ, ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೋಳಿಗೆ ಬಡಿಸೋಕೆ ಬರುತ್ತಿದ್ದಳು.

ಉಸಿರು ಎಣಿಸುವುದು

ಸಿಎನ್‌ಎ ಮಾತ್ರೆ ಕೊಡುವಂತಿಲ್ಲ, ಇಂಜೆಕ್ಷನ್ ಕೊಡುವಂತಿಲ್ಲ, ರೋಗದ ಹೆಸರು ಹೇಳುವಂತಿಲ್ಲ. ಬಿಪಿ, ಜ್ವರ, ನಾಡಿ, ಉಸಿರಾಟದ ವೇಗ ಅಳೆದು ಬರೆಯಬೇಕು. ಊಟದಲ್ಲಿ ಶೇಕಡ ಎಷ್ಟು ತಿಂದರು ಅಂತ ಬರೆಯಬೇಕು. ಏನಾದರೂ ಬದಲಾವಣೆ ಕಂಡರೆ ನರ್ಸ್‌ಗೆ ಹೇಳಬೇಕು.

ಉಸಿರು ಎಣಿಸುವುದಕ್ಕೆ ಒಂದು ಉಪಾಯ ಇದೆ. ‘ನಿಮ್ಮ ಉಸಿರು ಎಣಿಸ್ತಿದ್ದೀನಿ’ ಅಂದ್ರೆ ಯಾರಾದರೂ ಸರಿ, ಉಸಿರಾಟ ಬದಲಾಗಿಬಿಡುತ್ತೆ. ಅದಕ್ಕೇ ನಾಡಿ ಎಣಿಸಿದ ಮೇಲೂ ಕೈ ಬಿಡದೆ, ನಾಡಿ ನೋಡುತ್ತಿರುವ ಹಾಗೇ ಇದ್ದು, ಎದೆ ಏರಿಳಿಯುವುದನ್ನು ಎಣಿಸಬೇಕು. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಸಾಮಾನ್ಯ.

ಒಬ್ಬರು ತಾತ ಇದ್ದರು. (ರೋಗಿಗಳ ಖಾಸಗಿತನ ಕಾಯುವ ಕಾನೂನು ಇಲ್ಲಿ 1996ರಿಂದಲೂ ಇದೆ, ಅದಿರದಿದ್ದರೂ ಗುರುತು ಸಿಗುವ ಹಾಗೆ ಬರೆಯುವುದು ಸರಿಯಲ್ಲ. ಆದ್ದರಿಂದ ವಿವರಗಳನ್ನು ಬದಲಿಸಿದ್ದೇನೆ.) ದಿನಾ ಸಂಜೆ ನನ್ನನ್ನು ಕಂಡ ಕೂಡಲೇ ಅದೇ ಹಳೇ ಜೋಕು ಹೇಳುವವರು. ಒಂದು ಸಂಜೆ ಹೇಳಲಿಲ್ಲ. ಊಟ ಅರ್ಧಕ್ಕೆ ಬಿಟ್ಟರು. ಜ್ವರ ಇರಲಿಲ್ಲ, ಬಿಪಿ ಪರವಾಗಿಲ್ಲ. ಕೈ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದೆ. 28. ಇನ್ನೊಮ್ಮೆ ಎಣಿಸಿದೆ, 28.

ನರ್ಸ್ ಬಂದು ಬೆರಳಿಗೆ ಆಕ್ಸಿಜನ್ ಮೀಟರ್ ಹಾಕಿದರು: 86. ಅರ್ಧ ಗಂಟೆಯೊಳಗೆ ಆಂಬುಲೆನ್ಸ್ ಬಂತು. ನ್ಯುಮೋನಿಯಾ. ಒಂಬತ್ತು ದಿನದ ಮೇಲೆ ವಾಪಸ್ ಬಂದವರು ಮೊದಲು ಹೇಳಿದ್ದು ಅದೇ ಜೋಕು.

ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ವಯಸ್ಸಾದವರಲ್ಲಿ ಕಾಯಿಲೆ ಪುಸ್ತಕದ ಪ್ರಕಾರ ಬರಲ್ಲ ಅಂತ ಅಲ್ಲಿ ಎಲ್ಲರಿಗೂ ಗೊತ್ತು. ಸೋಂಕು ಜೋರಾಗಿದ್ದರೂ ಜ್ವರ ಬರದೇ ಇರಬಹುದು. ನಿನ್ನೆವರೆಗೆ ಸರಿಯಾಗಿದ್ದವರು ಇವತ್ತು ಇದ್ದಕ್ಕಿದ್ದ ಹಾಗೆ ತೀರಿಹೋದ ಹೆಂಡತಿಯನ್ನು ಕರೆಯಲು ಶುರು ಮಾಡಿದರೆ ಅದು ಮರೆವೇ ಇರಬೇಕಾಗಿಲ್ಲ, ಮೂತ್ರದ ಸೋಂಕೋ ಇನ್ನೊಂದೋ ತಂದ ಗೊಂದಲ ಇರಬಹುದು. ಇದನ್ನು ಮೊದಲು ಗಮನಿಸುವುದು ನಿನ್ನೆಯೂ ಮೊನ್ನೆಯೂ ಅವರಿಗೆ ಊಟ ಮಾಡಿಸಿದವರು. ಡಾಕ್ಟರ್ ಅಲ್ಲ.

ನಲವತ್ತು ಸಾವಿರ ಗಂಟೆ

ನನಗೆ ಕೆಲಸ ಕಲಿಸಿದವರು ಫಿಲಿಪ್ಪೀನ್ಸ್‌ನ ಒಬ್ಬ ಹೆಂಗಸು. ಅವರನ್ನು ಎಲ್ಲರೂ ‘ಆತೆ’ ಅನ್ನುತ್ತಿದ್ದರು. ಅವರ ಟಗಾಲೋಗ್ ಭಾಷೆಯಲ್ಲಿ ಹಾಗಂದ್ರೆ ಅಕ್ಕ. ನನಗದು ‘ಅತ್ತೆ’ ಅಂತಲೇ ಕೇಳಿಸುತ್ತಿತ್ತು, ಹಾಗೇ ಕರೆಯುತ್ತಿದ್ದೆ. ಅವರಿಗೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ.

ಒಂದು ದಿನ ಬ್ರೇಕ್‌ನಲ್ಲಿ ಕೇಳಿದರು. ‘ಮೆಡಿಕಲ್ ಕಾಲೇಜಿಗೆ ಎಷ್ಟು ಗಂಟೆ ಬೇಕಂತೆ?’

‘ಇಷ್ಟೇ ಅಂತ ಇಲ್ಲ. ಸಾವಿರ ದಾಟಿದ್ರೆ ಒಳ್ಳೇದು ಅಂತಾರೆ.’

ಅವರು ನಗುತ್ತಾ ಲೆಕ್ಕ ಹಾಕಿದರು. 21 ವರ್ಷ, ವರ್ಷಕ್ಕೆ ಎರಡು ಸಾವಿರ ಗಂಟೆ. ‘ನಂದು 40 ಸಾವಿರ ದಾಟಿದೆ. ನಂಗೆ ಯಾವ ಕಾಲೇಜಲ್ಲಿ ಸೀಟು ಕೊಡ್ತಾರೆ ಕೇಳಿ ಹೇಳು.’

ತಮಾಷೆಗೇ ಹೇಳಿದ್ದು. ಆದರೆ ಆ ರಾತ್ರಿ ಮನೆಗೆ ಡ್ರೈವ್ ಮಾಡುವಾಗ ಅದೇ ತಲೆಯಲ್ಲಿತ್ತು. ನನಗೆ ಇದು ಮೆಟ್ಟಿಲು, ಅವರಿಗೆ ಇದೇ ಮನೆ. ನಾನು ಅರ್ಜಿಯಲ್ಲಿ ಬರೆದುಕೊಳ್ಳುವ ಒಂದೊಂದು ಗಂಟೆಯನ್ನೂ ಅವರು ಇಪ್ಪತ್ತೊಂದು ವರ್ಷದಿಂದ ಯಾರಿಗೂ ಹೇಳದೆ ಕಳೆದಿದ್ದಾರೆ. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡೇ ಕೆಲಸ ಮಾಡುತ್ತಿದ್ದರು. ಬೇರೆಯವರನ್ನು ಎತ್ತಿ ಎತ್ತಿ ಅವರ ಬೆನ್ನು ಹೋಗಿತ್ತು.

ಅಮೆರಿಕದಲ್ಲಿ 13 ಲಕ್ಷಕ್ಕೂ ಹೆಚ್ಚು ನರ್ಸಿಂಗ್ ಅಸಿಸ್ಟೆಂಟ್‌ಗಳಿದ್ದಾರೆ. ಬಹುಪಾಲು ಹೆಂಗಸರು, ಬೇರೆ ದೇಶಗಳಿಂದ ಬಂದವರು ಬಹಳ ಮಂದಿ. ಇವರ ನಡುವಿನ ಮಟ್ಟದ ವರ್ಷದ ಸಂಬಳ 2024ರಲ್ಲೂ 40 ಸಾವಿರ ಡಾಲರ್ ಮುಟ್ಟಿರಲಿಲ್ಲ. ನನ್ನಂಥ ‘ಪ್ರೀ-ಮೆಡ್’ ಹುಡುಗ ಹುಡುಗಿಯರು ಬರುತ್ತೇವೆ, ಒಂದೆರಡು ವರ್ಷ ಇದ್ದು ಹೋಗುತ್ತೇವೆ. ನಮ್ಮಿಂದ ಒಂದು ತೊಂದರೆಯೂ ಇದೆ. ನಮಗೆ ಕೆಲಸ ಕಲಿಸಿ, ನಾವು ಪಳಗುವಷ್ಟರಲ್ಲಿ ನಾವು ಹೊರಟಿರುತ್ತೇವೆ. ಪರೀಕ್ಷೆ ಇದೆ ಅಂತ ರಜಾ ಹಾಕಿದರೆ ನಮ್ಮ ಪಾಲಿನ ಎಂಟು ಜನರನ್ನು ಯಾರೋ ಹಂಚಿಕೊಳ್ಳಬೇಕು.

ಹಾಗಾಗಿ ನಾನು ನನಗೇ ಎರಡು ನಿಯಮ ಹಾಕಿಕೊಂಡೆ. ಕನಿಷ್ಠ ಎರಡು ವರ್ಷ ಬಿಡುವುದಿಲ್ಲ. ಎಂಕ್ಯಾಟ್‌ಗೆ ಓದುವ ಮೂರು ತಿಂಗಳು ಪಾಳಿ ಕಡಿಮೆ ಮಾಡಿಕೊಳ್ಳುವುದಾದರೆ ಮುಂಚೆಯೇ ಹೇಳಬೇಕು, ಕೊನೇ ಗಳಿಗೆಯಲ್ಲಿ ಸಿಕ್ ಲೀವ್ ಹಾಕಬಾರದು. ಆತೆಗೆ ಇದರಿಂದ ಬೆನ್ನುನೋವು ಕಡಿಮೆಯಾಗಲಿಲ್ಲ, ಸಂಬಳ ಹೆಚ್ಚಾಗಲಿಲ್ಲ. ನನ್ನ ಕೈಲಿದ್ದಿದ್ದು ಅಷ್ಟು.

ತಿಪಟೂರಿಗೆ ವಿಡಿಯೊ ಕಾಲ್

2022ರ ಬೇಸಿಗೆಯಲ್ಲಿ ಊರಲ್ಲಿ ಅಜ್ಜಿ, ಅಪ್ಪನ ಅಮ್ಮ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಆದರೆ 84 ವರ್ಷ, ಮತ್ತೆ ಎದ್ದು ಓಡಾಡಲಿಲ್ಲ. ಚಿಕ್ಕಪ್ಪ ಚಿಕ್ಕಮ್ಮ ಒಬ್ಬ ಹೋಮ್ ನರ್ಸನ್ನು ಇಟ್ಟುಕೊಂಡರು. ಹೆಸರಿಗೆ ನರ್ಸ್. ಪಕ್ಕದ ಹಳ್ಳಿಯ ಹೆಂಗಸು, ಸರ್ಟಿಫಿಕೇಟ್ ಏನೂ ಇಲ್ಲ.

ಒಂದು ರಾತ್ರಿ ಪಾಳಿ ಮುಗಿಸಿ ಬಂದೆ. ಅಲ್ಲಿ ಮಟಮಟ ಮಧ್ಯಾಹ್ನ. ಅಪ್ಪ ವಿಡಿಯೊ ಕಾಲ್‌ನಲ್ಲಿದ್ದರು. ಚಿಕ್ಕಮ್ಮ ಅಳುತ್ತಿದ್ದರು. ‘ಬೆನ್ನ ಕೆಳಗೆ ಗಾಯ ಆಗಿದೆ ಭಾವ. ದಿನಾ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ತಿದ್ದೀವಿ, ಪೌಡರ್ ಹಾಕ್ತಿದ್ದೀವಿ, ಮಧ್ಯೆ ತೂತಿರೋ ರಬ್ಬರ್ ದಿಂಬೂ ತಂದಿದ್ದೀವಿ. ಜಾಸ್ತಿನೇ ಆಗ್ತಿದೆ.’

ಫೋನ್ ಇಸಿದುಕೊಂಡೆ. ಇದು ನನಗೆ ಗೊತ್ತಿದ್ದ ಕೆಲಸ.

ಹಾಸಿಗೆ ಹುಣ್ಣು ಆಗುವುದು ಮೂಳೆ ಮತ್ತು ಹಾಸಿಗೆಯ ನಡುವೆ ಚರ್ಮ ಸಿಕ್ಕಿಕೊಂಡು, ಅಲ್ಲಿಗೆ ರಕ್ತ ಹರಿಯುವುದು ನಿಂತಾಗ. ಕೆಂಪಾದ ಜಾಗವನ್ನು ತಿಕ್ಕಿದರೆ ಒಳಗೆ ಇನ್ನೂ ಹಾಳಾಗುತ್ತೆ. ತೂತಿನ ದಿಂಬು ಇಟ್ಟರೆ ಅದರ ಅಂಚೇ ಸುತ್ತಲೂ ಒತ್ತುತ್ತೆ. ನಮ್ಮ ಬಣ್ಣದ ಚರ್ಮದಲ್ಲಿ ಶುರುವಿನ ಕೆಂಪು ಕಣ್ಣಿಗೆ ಬೀಳೋದೂ ಕಷ್ಟ. ಕೈ ಇಟ್ಟು ನೋಡಬೇಕು. ಸುತ್ತಲಿನ ಜಾಗಕ್ಕಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ, ಮುಟ್ಟಿದರೆ ನೋವಾ? ಮುಖ್ಯವಾದ ಚಿಕಿತ್ಸೆ ಒತ್ತಡ ತೆಗೆಯುವುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕೆ ಬೇಡ, ಬೆನ್ನ ಹಿಂದೆ ದಿಂಬು ಕೊಟ್ಟು ಸ್ವಲ್ಪ ಓರೆಯಾಗಿ ಮಲಗಿಸಿದರೆ ಸಾಕು. ಮಂಡಿಗಳ ಮಧ್ಯೆ ಒಂದು ದಿಂಬು. ಮೀನಖಂಡದ ಕೆಳಗೆ ಇನ್ನೊಂದು, ಹಿಮ್ಮಡಿ ಗಾಳಿಯಲ್ಲಿರಬೇಕು. ಮೇಲಕ್ಕೆ ಸರಿಸುವಾಗ ಎಳೆಯಬಾರದು, ಬೆಡ್‌ಶೀಟ್ ಮಡಚಿ ಕೆಳಗೆ ಹಾಕಿ ಎರಡು ಕಡೆ ಇಬ್ಬರು ಹಿಡಿದು ಎತ್ತಬೇಕು. ಏರ್ ಬೆಡ್ ತಂದರೆ ಒಳ್ಳೆಯದು, ಆದರೆ ಅದು ಬಂತು ಅಂತ ಹೊರಳಿಸುವುದು ನಿಲ್ಲಿಸಬಾರದು. ಒದ್ದೆ ಇರಬಾರದು. ಬೇಳೆ, ಹಾಲು, ಮೊಸರು ಹೊಟ್ಟೆಗೆ ಹೋಗಬೇಕು. ವಾಸನೆ, ಕೀವು, ಕಪ್ಪು ಬಣ್ಣ ಕಂಡರೆ ಅದೇ ದಿನ ಡಾಕ್ಟರ್.

ಇದನ್ನೆಲ್ಲ ನಾನು ಉದ್ದಕ್ಕೆ ಹೇಳುತ್ತಿರುವಾಗ ಹಿಂದೆ ನಿಂತಿದ್ದ ಹೋಮ್ ನರ್ಸ್ ಬಾಯಿ ಹಾಕಿದರು.

‘ಅಕ್ಕಾ, ಹೊರಳಿಸ್ಬೇಕು ಅಂತ ನಂಗೊತ್ತು. ಒಬ್ಳೇ ಹೆಂಗೆ ಹೊರಳಿಸ್ಲಿ? ಇನ್ನೊಂದು ಕೈ ಬೇಕು.’

ಸ್ವಲ್ಪ ಹೊತ್ತು ಎರಡೂ ಕಡೆ ಯಾರೂ ಮಾತಾಡಲಿಲ್ಲ. ಚಿಕ್ಕಪ್ಪ ಮಂಚದ ಇನ್ನೊಂದು ಬದಿಗೆ ಬಂದರು. ನಾನು ಎಣಿಸಿದೆ, ಒಂದು, ಎರಡು, ಮೂರು. ಇಬ್ಬರೂ ಬೆಡ್‌ಶೀಟ್ ಹಿಡಿದು ಎತ್ತಿದರು. ಇತ್ತ ಅಪ್ಪ ಸೋಫಾದ ಮೇಲಿನ ದಿಂಬು ತೆಗೆದುಕೊಂಡು ಫೋನಿನ ಮುಂದೆ ಓರೆಯಾಗಿ ಹಿಡಿದಿದ್ದರು. ‘ಹಿಂಗೆ ಕಣೋ, ಹಿಂಗೆ ಕೊಡು.’

ಅದಾದ ಮೇಲೆ ಹದಿನೈದು ದಿನ ದಿನಾ ಕಾಲ್. ತಿಪಟೂರಿನ ಡಾಕ್ಟರ್ ಡ್ರೆಸ್ಸಿಂಗ್ ಬರೆದುಕೊಟ್ಟರು. ಗೋಡೆಗೆ ಕಾಗದ ಅಂಟಿಸಿ, ಹೊರಳಿಸಿದ ಹೊತ್ತು ಬರೆದರು. ಮೂರನೇ ತಿಂಗಳ ಹೊತ್ತಿಗೆ ಗಾಯ ಮಾಯಿತು. ಒಂದು ದಿನ ಕಾಲ್ ಮುಗಿಸುವ ಮುಂಚೆ ಅಪ್ಪ ಆ ಹೆಂಗಸನ್ನು ಕೇಳಿದ್ದು ನನಗೆ ಕೇಳಿಸಿತು. ‘ಊಟ ಆಯ್ತೇನಮ್ಮಾ ನಿಂದು?’

ಅಜ್ಜಿ ಮುಂದಿನ ಜನವರಿಯಲ್ಲಿ ತೀರಿಕೊಂಡರು. ನಾವು ಹೋಗಲಾಗಲಿಲ್ಲ. ಚಿಕ್ಕಮ್ಮ ಫೋನ್‌ನಲ್ಲಿ ಹೇಳಿದರು. ‘ಕೊನೇ ಸ್ನಾನ ಮಾಡಿಸುವಾಗ ನೋಡಿದೆ ಕಣೇ. ಬೆನ್ನು ಚೊಕ್ಕವಾಗಿತ್ತು. ಒಂದು ಗಾಯ ಇರ್ಲಿಲ್ಲ.’

ಅಪ್ಪ ಪಕ್ಕದಲ್ಲೇ ಕೂತಿದ್ದರು. ಆ ಮಾತಿಗೆ ಏನೂ ಹೇಳಲಿಲ್ಲ. ಮುಂದಿನ ತಿಂಗಳು ಸ್ನೇಹಿತರೊಬ್ಬರು ಮಗಳು ಏನು ಮಾಡ್ತಿದ್ದಾಳೆ ಅಂತ ಕೇಳಿದಾಗ ಅಪ್ಪ ‘ಟ್ರೈನಿಂಗು’ ಅನ್ನಲಿಲ್ಲ. ‘ವಯಸ್ಸಾದೋರನ್ನ ನೋಡ್ಕೋತಾಳೆ’ ಅಂದರು.

700 ಅಕ್ಷರ

2023ರ ಜೂನ್‌ನಲ್ಲಿ ಅರ್ಜಿ ಹಾಕಿದೆ. ಇಲ್ಲಿನ ಹೆಚ್ಚಿನ ಎಂಡಿ ಕಾಲೇಜುಗಳಿಗೆ ಒಂದೇ ಸಾಮಾನ್ಯ ಅರ್ಜಿ. ಅದರಲ್ಲಿ ನಿಮ್ಮ ಕೆಲಸ, ಚಟುವಟಿಕೆ ಅಂತ 15 ವಿಷಯ ಹಾಕಬಹುದು. ಒಂದೊಂದಕ್ಕೂ 700 ಅಕ್ಷರ, ಪದ ಅಲ್ಲ, ಅಕ್ಷರ. ಬಹಳ ಮುಖ್ಯ ಅನ್ನಿಸಿದ ಮೂರಕ್ಕೆ ಇನ್ನೂ 1,325 ಅಕ್ಷರ. ಇದರ ಜೊತೆ 5,300 ಅಕ್ಷರದ ಒಂದು ಪ್ರಬಂಧ, ಯಾಕೆ ಡಾಕ್ಟರ್ ಆಗಬೇಕು ಅಂತ.

ಇಲ್ಲಿ ಒಂದು ಆಸೆ ಕಾಡುತ್ತೆ. ಎರಡು ವರ್ಷದಲ್ಲಿ ನಾನು ಹನ್ನೊಂದು ಸಾವು ನೋಡಿದ್ದೆ. ಕೆಲವರ ಮೈಯನ್ನು ಕೊನೆಗೆ ಒರೆಸಿದ್ದೂ ನಾನೇ. ಯಾವುದಾದರೂ ಒಂದು ಸಾವನ್ನು ಚೆನ್ನಾಗಿ ಬರೆದರೆ ಓದುವವರ ಕಣ್ಣು ಒದ್ದೆಯಾಗುತ್ತೆ ಅಂತ ಗೊತ್ತಿತ್ತು. ಬರೆಯಲು ಕೂತಾಗ ಕೈ ಬರಲಿಲ್ಲ. ಅವರು ಸತ್ತಿದ್ದು ನನಗೆ ಸೀಟು ಕೊಡಿಸೋಕಲ್ಲ.

ಕೊನೆಗೆ ಬರೆದಿದ್ದು ಉಸಿರು ಎಣಿಸುವ ಬಗ್ಗೆ, ಮತ್ತೆ ಕೂತು ಊಟ ಮಾಡಿಸುವ ಬಗ್ಗೆ. ಡಾಕ್ಟರ್ ಕೋಣೆಗೆ ಬಂದು ಹೋಗುವ ಕೆಲವೇ ನಿಮಿಷದ ಆಚೆಗಿನ ದಿನವಿಡೀ ಏನು ನಡೆಯುತ್ತೆ ಅನ್ನೋದು ನನಗೆ ಗೊತ್ತಿದೆ, ಆ ದಿನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಡಾಕ್ಟರ್ ಆಗಬೇಕು ಅಂತ ಬರೆದೆ. 20 ಕಾಲೇಜು, ಮೂರು ಸಂದರ್ಶನ, ಒಂದು ಸೀಟು. ಮೂರೂ ಸಂದರ್ಶನದಲ್ಲಿ ಹೆಚ್ಚು ಹೊತ್ತು ಮಾತಾಡಿದ್ದು ಈ ಕೆಲಸದ ಬಗ್ಗೆಯೇ. ಒಬ್ಬರು ಕೇಳಿದರು, ‘ನರ್ಸ್ ಯಾಕೆ ಆಗಬಾರದು?’ ಒಳ್ಳೆಯ ಪ್ರಶ್ನೆ. ಮಾಡುವ ಆರೈಕೆಯನ್ನು ಕೀಳಾಗಿ ಕಂಡು ಡಾಕ್ಟರ್ ಕಡೆ ಓಡುತ್ತಿದ್ದೇನಾ ಅಂತ ನಾನೇ ನನ್ನನ್ನು ಎಷ್ಟೋ ಸಲ ಕೇಳಿಕೊಂಡಿದ್ದೆ. ಆ ತಾತನ ಎದೆಯೊಳಗೆ ಏನಾಗುತ್ತಿದೆ, ಯಾವ ಔಷಧ ಯಾಕೆ ಅನ್ನುವ ಪ್ರಶ್ನೆಗಳೇ ನನ್ನನ್ನು ರಾತ್ರಿ ಎಬ್ಬಿಸಿ ಕೂರಿಸುತ್ತಿದ್ದವು ಅಂತ ಇದ್ದದ್ದನ್ನು ಹೇಳಿದೆ.

ನೀವೂ ಯೋಚಿಸ್ತಿದ್ದರೆ

ಅಮೆರಿಕದಲ್ಲಿರುವ ಕನ್ನಡದ ಹುಡುಗ ಹುಡುಗಿಯರಿಗೆ, ಅವರ ಅಪ್ಪ ಅಮ್ಮಂದಿರಿಗೆ ಕೆಲವು ಮಾತು.

* ವೀಸಾ ಮೊದಲು ನೋಡಿಕೊಳ್ಳಿ. ಎಫ್-1 ಅಥವಾ ಎಚ್-4ನಲ್ಲಿದ್ದರೆ ಹೊರಗೆ ಸಂಬಳಕ್ಕೆ ಕೆಲಸ ಮಾಡಲು ಪ್ರತ್ಯೇಕ ಅನುಮತಿ ಬೇಕು. ಗ್ರೀನ್ ಕಾರ್ಡ್ ಇಲ್ಲದವರನ್ನು ತೆಗೆದುಕೊಳ್ಳುವ ಮೆಡಿಕಲ್ ಕಾಲೇಜುಗಳೂ ಕಡಿಮೆ. ಇದನ್ನು ಹೈಸ್ಕೂಲಿನಲ್ಲೇ ತಿಳಿದುಕೊಂಡರೆ ಒಳ್ಳೆಯದು.

* ತರಬೇತಿಗೆ ದುಡ್ಡು ಸುರಿಯಬೇಡಿ. ಅಡಲ್ಟ್ ಸ್ಕೂಲ್, ಕಮ್ಯುನಿಟಿ ಕಾಲೇಜುಗಳಲ್ಲಿ ಕಡಿಮೆ ಫೀಸು. ಕೆಲವು ನರ್ಸಿಂಗ್ ಹೋಮ್‌ಗಳು ತಾವೇ ಕಲಿಸಿ ಕೆಲಸ ಕೊಡುತ್ತವೆ.

* ಆದಾಯ ಕಡಿಮೆ ಇರುವ ಮನೆಯವರಿಗೆ ಫೀ ಅಸಿಸ್ಟೆನ್ಸ್ ಅಂತ ಒಂದು ಯೋಜನೆ ಇದೆ. ಎಂಕ್ಯಾಟ್ ಫೀಸು ಇಳಿಯುತ್ತೆ, 20 ಕಾಲೇಜಿನವರೆಗೆ ಸಾಮಾನ್ಯ ಅರ್ಜಿಯ ಶುಲ್ಕ ಇಲ್ಲ. ನಾನು ಸರಿಯಾಗಿ 20 ಕಾಲೇಜಿಗೇ ಹಾಕಿದ್ದರ ಗುಟ್ಟು ಅದೇ. ಆದರೆ ಎಂಕ್ಯಾಟ್‌ಗೆ ಹೆಸರು ಹಾಕುವ ಮುಂಚೆಯೇ ಇದಕ್ಕೆ ಅರ್ಜಿ ಕೊಡಬೇಕು.

* ಬೆನ್ನು ಕಾಪಾಡಿಕೊಳ್ಳಿ. ಎತ್ತುವ ಯಂತ್ರ ಇದ್ದರೆ ಯಂತ್ರವನ್ನೇ ಬಳಸಿ, ಇಬ್ಬರು ಬೇಕಾದ ಕಡೆ ಒಬ್ಬರೇ ಎತ್ತಬೇಡಿ. 23ನೇ ವಯಸ್ಸಿನಲ್ಲಿ ಹೋದ ಸೊಂಟ ಯಾವ ಕಾಲೇಜಿಗೆ ಹೋದರೂ ವಾಪಸ್ ಬರಲ್ಲ.

* ಗಂಟೆ ಲೆಕ್ಕಕ್ಕೆ ಮಾತ್ರ ಹೋಗುವುದಾದರೆ ಈ ಕೆಲಸ ಬೇಡ. ಸ್ಕ್ರೈಬ್ ಕೆಲಸದಲ್ಲಿ ಡಾಕ್ಟರ ಯೋಚನೆ ಹೆಚ್ಚು ಕಲಿಯಬಹುದು, ಮೈಯೂ ದಣಿಯಲ್ಲ. ಸಿಎನ್‌ಎ ಕೆಲಸದಲ್ಲಿ ಅರೆಮನಸ್ಸಿನಿಂದ ಇದ್ದರೆ ಅದರ ಬೆಲೆ ತೆರುವವರು ಹಾಸಿಗೆಯಲ್ಲಿ ಇರುವವರು.

ಇನ್ನು ಊರಲ್ಲಿ ನೀಟ್ ಬರೆಯುವ ತಮ್ಮಂದಿರು ತಂಗಿಯರು ‘ನಮಗೆ ಇದು ಯಾಕೆ’ ಅನ್ನಬಹುದು. ಜರ್ಮನಿಯಲ್ಲಿ ಮೆಡಿಕಲ್ ಓದುವ ಪ್ರತಿಯೊಬ್ಬರೂ ಮೊದಲ ದೊಡ್ಡ ಸರ್ಕಾರಿ ಪರೀಕ್ಷೆಗೆ ಮುಂಚೆ ಮೂರು ತಿಂಗಳು ನರ್ಸಿಂಗ್ ಕೆಲಸ ಮಾಡಲೇಬೇಕು ಅನ್ನುವ ನಿಯಮ ಇದೆ. ನಮ್ಮಲ್ಲಿ ಅಂಥ ನಿಯಮ ಇಲ್ಲ. ಆದರೆ ರಿಸಲ್ಟಿಗೂ ಕೌನ್ಸೆಲಿಂಗಿಗೂ ನಡುವೆ ಕಾಯುವ ದಿನಗಳಿರುತ್ತವಲ್ಲ, ಆಗ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹಾಸಿಗೆ ಹಿಡಿದಿರುವ ಒಬ್ಬರಿಗೆ ದಿನಾ ಒಂದು ಹೊತ್ತು ಕೂತು ಊಟ ಮಾಡಿಸಿ ನೋಡಿ. ಯಾವ ಕೋಚಿಂಗ್ ಸೆಂಟರಿನಲ್ಲೂ ಅದನ್ನು ಹೇಳಿಕೊಡಲ್ಲ.

ಈಗ ವಾರದಲ್ಲಿ ಒಂದು ದಿನ ಆಸ್ಪತ್ರೆಗೆ ಹೋಗುತ್ತೇನೆ, ಗಿಡ್ಡ ಬಿಳಿ ಕೋಟು ಹಾಕಿಕೊಂಡು. ವಾರ್ಡಿಗೆ ಹೋದ ಕೂಡಲೇ ಕಂಪ್ಯೂಟರ್ ತೆರೆಯುವ ಮುಂಚೆ ಆ ರೋಗಿಯ ಸಿಎನ್‌ಎ ಯಾರು ಅಂತ ಹುಡುಕಿ, ‘ಇವತ್ತು ಹೇಗಿದ್ದಾರೆ? ನಿನ್ನೆ ಥರ ಇದ್ದಾರಾ?’ ಅಂತ ಕೇಳುತ್ತೇನೆ. ಮೊದಮೊದಲು ಅವರಿಗೆ ಆಶ್ಚರ್ಯ. ಈಗ ನನ್ನನ್ನು ಕಂಡರೆ ತಾವೇ ಬಂದು ಹೇಳುತ್ತಾರೆ.

ಈ ಅಂಕಣ ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನರ ಊರಿನ ಮನೆಯಲ್ಲಿ ಅಪ್ಪನನ್ನೋ ಅಜ್ಜಿಯನ್ನೋ ನೋಡಿಕೊಳ್ಳುವ ಒಬ್ಬ ಹೋಮ್ ನರ್ಸ್ ಇರುತ್ತಾರೆ. ತಿಂಗಳಿಗೊಮ್ಮೆ ದುಡ್ಡು ಕಳಿಸಿ, ಭಾನುವಾರ ಕಾಲ್ ಮಾಡುವಾಗ ಅವರು ಸ್ಕ್ರೀನಿನ ಹಿಂದೆ ಎಲ್ಲೋ ಓಡಾಡುತ್ತಿರುತ್ತಾರೆ. ಈ ಭಾನುವಾರ ಅವರ ಕೈಗೂ ಫೋನ್ ಕೊಡೋಕೆ ಹೇಳಿ. ಹೊರಳಿಸೋಕೆ ಇನ್ನೊಂದು ಕೈ ಸಿಗ್ತಿದೆಯಾ ಅಂತ ಕೇಳಿ.